ಹದಿನೇಳು ಹೋಯ್ತು, ಹದಿನೆಂಟು ಬಂತು: ಧಾತು ಬರದ ಪಾಠದಲ್ಲಿ ಒಂದು ಶೇಕಡಾ ಲೆಕ್ಕ

"ಹದಿನೇಳು ಹೋಯ್ತು, ಹದಿನೆಂಟು ಬಂತು. ಅಂದ್ರೆ ಒಂದು ಜಾಸ್ತಿನೇ ಆಯ್ತಲ್ವಾ ಮಿಸ್?"

ಹತ್ತನೇ ತರಗತಿಯ ಹುಡುಗನೊಬ್ಬ ಇತಿಹಾಸದ ಪೀರಿಯಡ್‌ನಲ್ಲಿ ಕೇಳಿದ ಪ್ರಶ್ನೆ ಇದು. ನಾನು ತುಮಕೂರು ಜಿಲ್ಲೆಯ ಬಯಲು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆ ತರಗತಿಯಲ್ಲಿ 35 ಮಕ್ಕಳಿದ್ದರು. 1876-78ರ ಬರದ ಬಗ್ಗೆ ಐದು ಪೀರಿಯಡ್ ಪಾಠ ಮಾಡಿದೆ. ಅದರಲ್ಲಿ ಹೆಚ್ಚು ಹೊತ್ತು ಹೋದದ್ದು ಕೂಡುವ, ಕಳೆಯುವ, ಭಾಗಿಸುವ ಕೆಲಸಕ್ಕೆ. ಆ ಐದು ಪೀರಿಯಡ್‌ಗಳಲ್ಲಿ ಏನಾಯಿತು, ಎಲ್ಲಿ ಎಡವಿದೆವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಒಂದು ಅಜ್ಜಿಯಿಂದ. ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರ್‌ಗಳ ಆಡಳಿತ ಇದ್ದದ್ದು 1831ರಿಂದ 1881ರವರೆಗೆ. ಆ ಪಾಠ ಮಾಡುವಾಗ "ಮನೆಯಲ್ಲಿ ಹಿರಿಯರು ಹಳೇ ಬರದ ಬಗ್ಗೆ ಏನಾದರೂ ಹೇಳ್ತಾರಾ, ಕೇಳಿಕೊಂಡು ಬನ್ನಿ" ಎಂದಿದ್ದೆ. ಮಾರನೇ ದಿನ ಒಬ್ಬ ಹುಡುಗಿ ಬಂದು, "ನಮ್ಮಜ್ಜಿ ಧಾತು ಬರ ಅಂತಾರೆ ಮಿಸ್. ಯಾವ ವರ್ಷ ಅಂತ ಅವರಿಗೆ ಗೊತ್ತಿಲ್ಲ" ಎಂದಳು.

ಧಾತು ಅನ್ನುವುದು ಸಂವತ್ಸರದ ಹೆಸರು. 60 ವರ್ಷಕ್ಕೆ ಒಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಪ್ರಭವದಿಂದ ಎಣಿಸಿದರೆ ಹತ್ತನೆಯದು ಧಾತು, ಹನ್ನೊಂದನೆಯದು ಈಶ್ವರ. ಪ್ರಭವ ಕಳೆದ ಸಲ ಬಂದದ್ದು 1987ರ ಯುಗಾದಿಗೆ ಎಂದಷ್ಟೇ ಹೇಳಿ ಸುಮ್ನೆ ನಿಂತೆ. ಮಕ್ಕಳು ಬೆರಳು ಮಡಿಚಿ ಎಣಿಸಿದರು. ಮೊದಲು ಬಂದ ಉತ್ತರ 1997. ಪ್ರಭವವನ್ನೇ ಒಂದು ಎಂದು ಎಣಿಸಬೇಕು, ಆದ್ದರಿಂದ 10 ಕೂಡಿಸಬಾರದು, 9 ಕೂಡಿಸಬೇಕು ಎಂದು ಅವರಲ್ಲೇ ಒಬ್ಬಳು ತಿದ್ದಿದಳು. ಹಾಗೆ 1996 ಸಿಕ್ಕಿತು. ಅದರಿಂದ 60 ಕಳೆದರೆ 1936, ಇನ್ನೊಂದು 60 ಕಳೆದರೆ 1876.

ಈ ಮೂರರಲ್ಲಿ ಅಜ್ಜಿ ಹೇಳಿದ್ದು ಯಾವುದು? 1996 ಅಲ್ಲ, ಅಜ್ಜಿಗೇ ಅದು ನೆನಪಿರುತ್ತಿತ್ತು. 1936 ಆಗಿದ್ದರೆ ಅಜ್ಜಿಯ ಅಪ್ಪ ಅಮ್ಮ ಕಣ್ಣಾರೆ ಕಂಡದ್ದಾಗಬೇಕು. ಆದರೆ ಅಜ್ಜಿ ಹೇಳಿದ್ದು "ನಮ್ಮ ಮುತ್ತಜ್ಜನ ಕಾಲದ್ದು" ಎಂದು. ಉಳಿದದ್ದು 1876. ಮಳೆ ಕೈಕೊಟ್ಟದ್ದೂ ಅದೇ ವರ್ಷ. ಮಾರನೇ ವರ್ಷ ಈಶ್ವರ, ಹಸಿವು ಇನ್ನೂ ಕೆಟ್ಟದಾದ ವರ್ಷ. ಎರಡೂ ಸೇರಿ 'ಧಾತು ಈಶ್ವರ ಬರ' ಎಂಬ ಮಾತು ಉಳಿದುಕೊಂಡಿದೆ. ಹತ್ತು ನಿಮಿಷದ ಕಳೆಯುವ ಲೆಕ್ಕ ಒಂದು ಮನೆಮಾತನ್ನು ಇಸವಿಗೆ ಜೋಡಿಸಿತು. ಆಗಲೇ ನನಗೆ ಈ ಬರವನ್ನು ಅಂಕಿಗಳ ಮೂಲಕವೇ ಕಲಿಸಬೇಕು ಅನ್ನಿಸಿತು.

ಕಾರಣ ಇನ್ನೊಂದೂ ಇತ್ತು. ನಮ್ಮ ಮಕ್ಕಳು ಇತಿಹಾಸದಲ್ಲಿ ಅಂಕಿ ಕಂಡರೆ ಬಾಯಿಪಾಠ ಮಾಡುತ್ತಾರೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಕೊಡಬೇಕಾದದ್ದು 3 ಕೋಟಿ 30 ಲಕ್ಷ ರೂಪಾಯಿ ಎಂದು ಬರೆಯುತ್ತಾರೆ, ಒಂದು ಅಂಕ ಗಿಟ್ಟಿಸುತ್ತಾರೆ. ಅದು ಆ ಕಾಲಕ್ಕೆ ಜಾಸ್ತಿಯೋ ಕಡಿಮೆಯೋ ಎಂದು ಒಬ್ಬರೂ ಕೇಳುವುದಿಲ್ಲ. ಅದೇ ಮಕ್ಕಳು ಗಣಿತದ ಪೀರಿಯಡ್‌ನಲ್ಲಿ ಲಾಭ-ನಷ್ಟ, ಬಡ್ಡಿ ಎಲ್ಲ ಮಾಡುತ್ತಾರೆ. ಗಂಟೆ ಹೊಡೆದ ಕೂಡಲೇ ಎರಡೂ ಬೇರೆ ಬೇರೆ ಲೋಕ. ನಮ್ಮ ಗಣಿತದ ಮೇಷ್ಟ್ರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಹೇಳಿದ ಮಾತು ಇದು: "ಮಕ್ಕಳಿಗೆ ಶೇಕಡಾ ಮಾಡೋಕೆ ಬರುತ್ತೆ ಮೇಡಂ. ಯಾವುದರ ಮೇಲೆ ಶೇಕಡಾ ಅನ್ನೋದು ಬರಲ್ಲ." ಅದು ಎಷ್ಟು ನಿಜ ಅಂತ ಮೂರನೇ ಪೀರಿಯಡ್‌ನಲ್ಲಿ ಗೊತ್ತಾಯಿತು.

ಮೊದಲನೇ ಪೀರಿಯಡ್: ಅಲ್ಪವಿರಾಮದ ಗೋಳು

ನಾನು ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದೆ. ಮೈಸೂರು ಸಂಸ್ಥಾನದ ಜನಸಂಖ್ಯೆ, ಬ್ರಿಟಿಷ್ ಸರ್ಕಾರದ ಹಳೆಯ ಮಾಹಿತಿ ಗ್ರಂಥವಾದ ಇಂಪೀರಿಯಲ್ ಗೆಜೆಟಿಯರ್‌ನಲ್ಲಿ ಇರುವ ಹಾಗೆಯೇ:

1871: 5,055,412
1881: 4,186,188
1891: 4,943,604
1901: 5,539,399

"ಓದಿ" ಎಂದೆ. ಯಾರಿಗೂ ಸರಿಯಾಗಿ ಬರಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಅಲ್ಪವಿರಾಮ ಮೂರು ಮೂರು ಅಂಕಿಗೆ ಬೀಳುತ್ತದೆ. ನಮ್ಮದು ಸಾವಿರ, ಲಕ್ಷ, ಕೋಟಿಯ ಲೆಕ್ಕ. ಒಬ್ಬ ಐದು ಲಕ್ಷ ಎಂದ, ಇನ್ನೊಬ್ಬಳು ಐದು ಕೋಟಿ ಎಂದಳು. ಅಂಕಿಯನ್ನು ಅಳಿಸಿ 50,55,412 ಎಂದು ಮತ್ತೆ ಬರೆದಾಗಲೇ "ಐವತ್ತು ಲಕ್ಷದ ಐವತ್ತೈದು ಸಾವಿರದ…" ಎಂದು ಇಡೀ ತರಗತಿ ಒಟ್ಟಿಗೆ ಓದಿತು.

ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಹಳೇ ದಾಖಲೆ ಓದಿಸುವ ಪ್ರತಿಯೊಬ್ಬ ಮೇಷ್ಟ್ರಿಗೂ ಇದು ಎದುರಾಗುತ್ತದೆ. ಆದರೆ ಈಗ ಅನ್ನಿಸುವುದು, ಆ ಪೀರಿಯಡ್ ವ್ಯರ್ಥ ಆಗಲಿಲ್ಲ. ಅಲ್ಪವಿರಾಮವನ್ನು ಜಾಗ ಬದಲಿಸಿ ಇಡುವುದೇ ದಾಖಲೆ ಓದುವ ಮೊದಲ ಹೆಜ್ಜೆ. ಆಮೇಲೆ ಆ ಮಕ್ಕಳು ಯಾವ ಹಳೇ ಕೋಷ್ಟಕ ಕೊಟ್ಟರೂ ಮೊದಲು ಪೆನ್ಸಿಲ್ ತೆಗೆದು ಹಿಂದಿನಿಂದ ಅಂಕಿ ಎಣಿಸುತ್ತಿದ್ದರು.

ಉಳಿದ ಹೊತ್ತಲ್ಲಿ ಒಂದೇ ಲೆಕ್ಕ. 50,55,412ರಲ್ಲಿ 41,86,188 ಕಳೆಯಿರಿ. ದಶಕ ತೆಗೆದುಕೊಂಡು ಕಳೆಯುವುದರಲ್ಲಿ ಹತ್ತನೇ ತರಗತಿಯವರೂ ತಪ್ಪುತ್ತಾರೆ. ಕೊನೆಗೆ ಉತ್ತರ ಬಂತು: 8,69,224.

ಬೋರ್ಡಿನ ಮೇಲಿನ ಗೆರೆಗಳು

ಈ ಅಂಕಿಯನ್ನು ಮಕ್ಕಳ ಮನಸ್ಸಿಗೆ ಮುಟ್ಟಿಸುವುದು ಹೇಗೆ? ಸೆಕೆಂಡಿಗೆ ಒಬ್ಬರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೆ ಎಷ್ಟು ದಿನ ಬೇಕು ಎಂದು ಕೇಳಿದೆ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ 10 ದಿನ. ತರಗತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಶೇಕಡಾ. ಇಲ್ಲಿ ತರಗತಿ ಎರಡು ಪಾಲಾಯಿತು. ಅರ್ಧ ಜನ 8,69,224ನ್ನು 50,55,412ರಿಂದ ಭಾಗಿಸಿ ಶೇ. 17.19 ಎಂದರು. ಇನ್ನರ್ಧ 41,86,188ರಿಂದ ಭಾಗಿಸಿ ಶೇ. 20.76 ಎಂದರು. ಎರಡೂ ಗುಂಪು ತಮ್ಮದೇ ಸರಿ ಎಂದು ಪಟ್ಟು ಹಿಡಿದವು. ನಾನು ಯಾವುದು ಸರಿ ಎಂದು ಹೇಳಲಿಲ್ಲ. "ಯಾರಲ್ಲಿ ಎಷ್ಟು ಜನ ಇಲ್ಲವಾದರು?" ಎಂದಷ್ಟೇ ಕೇಳಿದೆ. ಮೊದಲು ಇದ್ದವರಲ್ಲಿ ತಾನೇ? ಹಾಗಾದರೆ ಕೆಳಗೆ ಇಡಬೇಕಾದದ್ದು 1871ರ ಅಂಕಿ. ಎರಡನೇ ಗುಂಪು ಒಪ್ಪಿಕೊಂಡಿತು.

35 ಮಕ್ಕಳಲ್ಲಿ ಶೇ. 17 ಎಂದರೆ 6. ಆರು ಮಕ್ಕಳನ್ನು ಎದ್ದು ಹೊರಗೆ ನಿಲ್ಲಿಸಿ ತೋರಿಸೋಣ ಎಂದು ಮನೆಯಲ್ಲಿ ಯೋಚಿಸಿಕೊಂಡು ಬಂದಿದ್ದೆ. ತರಗತಿಯಲ್ಲಿ ಮುಖ ನೋಡಿದಾಗ ಮನಸ್ಸು ಬರಲಿಲ್ಲ. ಯಾವ ಆರು ಮಕ್ಕಳನ್ನು ಆರಿಸಲಿ? ಕಳೆದ ವರ್ಷವಷ್ಟೇ ಅಪ್ಪನನ್ನು ಕಳೆದುಕೊಂಡ ಮಗುವೂ ಅಲ್ಲೇ ಕೂತಿತ್ತು. ಸಾವಿನ ಲೆಕ್ಕವನ್ನು ಮಕ್ಕಳ ಮೈಮೇಲೆ ಮಾಡಬಾರದು. ಬೋರ್ಡಿನ ಮೇಲೆ 35 ಗೆರೆ ಎಳೆದೆ, 6 ಗೆರೆ ಒರೆಸಿದೆ. ಒರೆಸಿದ ಜಾಗದಲ್ಲಿ ಸುಣ್ಣದ ಮಬ್ಬು ಉಳಿಯಿತು. ಅಷ್ಟು ಸಾಕಾಯಿತು.

ಹದಿನೇಳು, ಹದಿನೆಂಟು

ಮೂರನೇ ಪೀರಿಯಡ್‌ನಲ್ಲಿ 1881ರಿಂದ 1891ಕ್ಕೆ ಎಷ್ಟು ಏರಿತು ಎಂದು ಲೆಕ್ಕ ಹಾಕಿದರು. ಈ ಸಲ ಕೆಳಗೆ 41,86,188 ಇಟ್ಟರು. ಶೇ. 18.09. ಆಗಲೇ ಆ ಹುಡುಗ ಕೇಳಿದ್ದು, ಹದಿನೇಳು ಹೋಗಿ ಹದಿನೆಂಟು ಬಂದರೆ ಒಂದು ಜಾಸ್ತಿ ಆಗಲಿಲ್ಲವಾ ಅಂತ.

ಬಹುತೇಕ ಎಲ್ಲರೂ ತಲೆ ಆಡಿಸಿದರು. ಹಾಗಾದರೆ ಬರದ ಗಾಯ ಹತ್ತು ವರ್ಷದಲ್ಲೇ ಮಾಯಿತು ಎಂದಾಯಿತು. ಈ ತಪ್ಪು ಬರೀ ಗಣಿತದ ತಪ್ಪಲ್ಲ, ಇತಿಹಾಸವನ್ನೇ ತಪ್ಪಾಗಿ ಓದಿಸುವ ತಪ್ಪು. ನಾನು ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದೂ ಅದಕ್ಕೇ.

ಮುಂದಿನ ಬೆಂಚಿನ ಒಬ್ಬಳು ಎದ್ದು ಬಂದಳು. ಹಿಂದಿನ ದಿನದ ಗೆರೆಗಳನ್ನೇ ಮತ್ತೆ ಎಳೆದಳು. 35ರಲ್ಲಿ 6 ಒರೆಸಿದಳು, 29 ಉಳಿಯಿತು. "ಈಗ ಹದಿನೆಂಟು ಪರ್ಸೆಂಟ್ ಬರೋದು ಇಪ್ಪತ್ತೊಂಬತ್ತರ ಮೇಲೆ, ಮೂವತ್ತೈದರ ಮೇಲೆ ಅಲ್ಲ" ಎಂದಳು. 29ರ ಶೇ. 18 ಎಂದರೆ ಐದು ಚಿಲ್ಲರೆ. ಐದು ಗೆರೆ ಸೇರಿಸಿದಳು. 34. "ಇನ್ನೂ ಒಂದು ಬರಬೇಕು."

ಪ್ರಶ್ನೆ ಕೇಳಿದ ಹುಡುಗ ಬೋರ್ಡಿನ ಹತ್ತಿರ ಹೋಗಿ ಗೆರೆಗಳನ್ನು ಬೆರಳಿಟ್ಟು ಎಣಿಸಿದ. ಆಮೇಲೆ ನಿಜವಾದ ಅಂಕಿಗಳನ್ನು ತಾನೇ ಕಳೆದ. 1871ರ ಅಂಕಿಗಿಂತ 1891ರದ್ದು 1,11,808 ಕಡಿಮೆ. ಬರ ಮುಗಿದು ಹದಿಮೂರು ವರ್ಷ ಕಳೆದರೂ ಸಂಸ್ಥಾನ ತನ್ನ ಹಳೇ ಜನಸಂಖ್ಯೆಗೆ ಮುಟ್ಟಿರಲಿಲ್ಲ. ಹಳೇ ಅಂಕಿ ದಾಟಿದ್ದು 1901ರ ಗಣತಿಯಲ್ಲಿ.

ಈ ಒಂದು ವಾಕ್ಯ ನಾನೇ ಬಾಯಲ್ಲಿ ಹೇಳಿದ್ದರೆ ನೋಟ್ಸ್ ಬರೆದುಕೊಂಡು ಮರೆಯುತ್ತಿದ್ದರು. ತಾವೇ ಕಂಡುಕೊಂಡದ್ದರಿಂದ ಪರೀಕ್ಷೆಯಲ್ಲಿ ಕೇಳದಿದ್ದರೂ ಅವರ ನೆನಪಲ್ಲಿ ಉಳಿದಿದೆ.

ಸತ್ತವರು ಎಷ್ಟು?

"ಹಾಗಾದ್ರೆ ಎಂಟು ಲಕ್ಷದ ಅರವತ್ತೊಂಬತ್ತು ಸಾವಿರ ಜನ ಸತ್ರು ಅಂತ ಬರೀಬಹುದಾ ಮಿಸ್?"

ಬರೆಯಬಾರದು. ಯಾಕೆ ಬರೆಯಬಾರದು ಎಂದು ತರಗತಿಯನ್ನೇ ಕೇಳಿದೆ. ನಮ್ಮ ಕಡೆಯ ಮಕ್ಕಳಿಗೆ ಗುಳೆ ಹೋಗುವುದು ಗೊತ್ತು. "ಕೆಲವರು ಘಟ್ಟದ ಕಡೆ ಹೋಗಿರಬಹುದು" ಎಂದ ಒಬ್ಬ. ಅವರು ಬದುಕಿದ್ದಾರೆ, ಆದರೆ ಇಲ್ಲಿನ ಗಣತಿಯಲ್ಲಿ ಇಲ್ಲ. ಹಾಗಾದರೆ ಸತ್ತವರು 8.69 ಲಕ್ಷಕ್ಕಿಂತ ಕಡಿಮೆ ಇರಬಹುದು. ಇನ್ನೊಂದು ಕಡೆಯಿಂದ ನೋಡಿದರೆ, 1871ರಿಂದ 1876ರವರೆಗೆ ಜನ ಹುಟ್ಟಿ ಬೆಳೆದಿದ್ದಾರೆ. ಬರ ಶುರುವಾದಾಗ ಜನಸಂಖ್ಯೆ 50.55 ಲಕ್ಷಕ್ಕಿಂತ ಹೆಚ್ಚೇ ಇದ್ದಿರಬೇಕು. ಹಾಗಾದರೆ ಇಲ್ಲವಾದವರು ಜಾಸ್ತಿ. ಇದರ ಜೊತೆಗೆ ಹಸಿವಿನ ವರ್ಷಗಳಲ್ಲಿ ಹುಟ್ಟಬೇಕಾಗಿದ್ದ ಮಕ್ಕಳು ಹುಟ್ಟುವುದಿಲ್ಲ. ಅವರು ಸತ್ತವರಲ್ಲ, ಇದ್ದವರೂ ಅಲ್ಲ. ಈ ಮಾತು ಬಂದಾಗ ಹೆಣ್ಣುಮಕ್ಕಳ ಸಾಲಿನಿಂದ "ಅದನ್ನ ಯಾವ ಲೆಕ್ಕಕ್ಕೆ ಹಾಕೋದು ಮಿಸ್?" ಎಂಬ ಪ್ರಶ್ನೆ ಬಂತು. ಒಳ್ಳೇ ಪ್ರಶ್ನೆ. ಜನಸಂಖ್ಯೆಯ ಇತಿಹಾಸ ಬರೆಯುವವರೂ ಕೇಳಿಕೊಳ್ಳುವ ಪ್ರಶ್ನೆ.

ಮೂರು ಗುಂಪು ಮಾಡಿ ಮೂರು ಊಹೆ ಕೊಟ್ಟೆ. ಬರ ಬರದಿದ್ದರೆ ಹತ್ತು ವರ್ಷದಲ್ಲಿ ಜನ ಏರುತ್ತಲೇ ಇರಲಿಲ್ಲ ಎಂದುಕೊಳ್ಳಿ, ಶೇ. 5 ಏರುತ್ತಿತ್ತು ಎಂದುಕೊಳ್ಳಿ. 1891ರಿಂದ 1901ಕ್ಕೆ ಏರಿದ ಹಾಗೆ ಶೇ. 12 ಏರುತ್ತಿತ್ತು ಎಂದುಕೊಳ್ಳಿ. ಮೊದಲ ಗುಂಪಿಗೆ 8.69 ಲಕ್ಷ, ಎರಡನೆಯದಕ್ಕೆ ಸುಮಾರು 11.2 ಲಕ್ಷ, ಮೂರನೆಯದಕ್ಕೆ ಸುಮಾರು 14.8 ಲಕ್ಷ ಬಂತು. ಲೆಕ್ಕ ಮೂರೂ ಸರಿ. ಉತ್ತರ ಬೇರೆ ಬೇರೆ. ಬೇರೆ ಆದದ್ದು ನಾವು ಮೊದಲು ಏನು ಅಂದುಕೊಂಡೆವು ಅನ್ನುವುದರಿಂದ.

ಇಡೀ ಭಾರತದಲ್ಲಿ ಆ ಬರಕ್ಕೆ ಸತ್ತವರ ಅಂದಾಜು ಸುಮಾರು 55 ಲಕ್ಷದಿಂದ 1 ಕೋಟಿಯವರೆಗೂ ಇದೆ. ಪುಸ್ತಕದಿಂದ ಪುಸ್ತಕಕ್ಕೆ ಅಂಕಿ ಯಾಕೆ ಇಷ್ಟು ಬದಲಾಗುತ್ತದೆ ಎಂದು ಈಗ ಅವರಿಗೆ ಹೇಳಬೇಕಾಗಲಿಲ್ಲ. ಒಬ್ಬ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. "ಲೆಕ್ಕ ಅಂದ್ಮೇಲೆ ಒಂದೇ ಉತ್ತರ ಇರ್ಬೇಕು" ಎಂದ. ಅವನ ತಕರಾರೂ ನ್ಯಾಯವಾದದ್ದೇ. ಹತ್ತು ವರ್ಷ ನಾವೇ ಅವನಿಗೆ ಹಾಗೆ ಕಲಿಸಿದ್ದೇವೆ.

ಒಂದು ಪೌಂಡ್ ಧಾನ್ಯ

ನಾಲ್ಕನೇ ಪೀರಿಯಡ್ ನಡೆದದ್ದು ಬಿಸಿಯೂಟದ ಅಡುಗೆ ಮನೆಯಲ್ಲಿ. 1877ರ ಜನವರಿಯಲ್ಲಿ ವೈಸರಾಯ್ ಲಿಟನ್, ಸರ್ ರಿಚರ್ಡ್ ಟೆಂಪಲ್ ಅವರನ್ನು ಬರದ ಸೀಮೆಗೆ ಕಳಿಸಿದರು. ಮದ್ರಾಸ್ ಪ್ರಾಂತ್ಯದ ಪರಿಹಾರ ಕೆಲಸಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯಕ್ಕೆ ಆಗುವಷ್ಟು ಕೂಲಿ, ಅದರ ಮೇಲೆ ಒಂದು ಆಣೆ ಸಾಕು ಎಂದು ಅವರು ಗೊತ್ತುಮಾಡಿದರು. ಮದ್ರಾಸಿನ ಆರೋಗ್ಯ ಕಮಿಷನರ್ ಆಗಿದ್ದ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು.

ಯಾರು ಸರಿ? ಅಡುಗೆ ಅಕ್ಕನವರ ತಕ್ಕಡಿಯಲ್ಲಿ 454 ಗ್ರಾಂ ಅಕ್ಕಿ ತೂಗಿದೆವು. ಶಾಲೆಯಲ್ಲಿ ಈಗ ಒಂದು ಮಗುವಿಗೆ ಒಂದು ಹೊತ್ತಿಗೆ 150 ಗ್ರಾಂ ಅಕ್ಕಿಯ ಲೆಕ್ಕ. ಅಂದರೆ ಮೂರು ಹೊತ್ತಿನದು. "ಸಾಕಲ್ವಾ ಮತ್ತೆ?" ಎಂದರು ಮಕ್ಕಳು. ನಾನು ಉತ್ತರ ಕೊಡುವ ಮೊದಲೇ ಅಡುಗೆ ಅಕ್ಕ ಹೇಳಿದರು: "ಬೇಳೆ ಬೇಡ್ವಾ, ಎಣ್ಣೆ ಬೇಡ್ವಾ? ಜಲ್ಲಿ ಒಡೆಯೋನಿಗೆ ಬರೀ ಅನ್ನ ಹಾಕಿದ್ರೆ ಎಷ್ಟು ದಿನ ನಿಂತ್ಕೋತಾನೆ?"

ಮತ್ತೆ ಲೆಕ್ಕ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. 454 ಗ್ರಾಂಗೆ 1,600ರ ಹತ್ತಿರ. ಭಾರೀ ಮೈಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಬೇಕಾದದ್ದು 3,000 ದಾಟುತ್ತದೆ. ಅರ್ಧ ಹೊಟ್ಟೆ. ಮಿಕ್ಕಿದ ಒಂದು ಆಣೆಯಲ್ಲಿ ಉಪ್ಪು, ಸೌದೆ, ಬೇಳೆ ಎಲ್ಲ ಕೊಳ್ಳಬೇಕು, ಅದೂ ಬೆಲೆ ಏರಿದ್ದ ಕಾಲದಲ್ಲಿ. ಮಕ್ಕಳು ಕಾರ್ನಿಷ್ ಕಡೆ ನಿಂತರು. ನಾನೂ ಅದೇ ಕಡೆ ನಿಲ್ಲುತ್ತೇನೆ. ಇಲ್ಲಿ ಎರಡೂ ಕಡೆಗೆ ಸಮ ತೂಕ ಕೊಡಬೇಕು ಅನ್ನಿಸಲಿಲ್ಲ.

ಗ್ರಾಫ್ ಹಾಳೆಯ ಜಗಳ

ಕೊನೆಯ ಪೀರಿಯಡ್‌ಗೆ 1911ರ 58,06,193 ಮತ್ತು 1921ರ 59,78,892 ಸೇರಿಸಿ ಆರು ಗಣತಿಯ ಕಂಬ ನಕ್ಷೆ ಬರೆಯಿಸಿದೆ. ಒಂದು ಗುಂಪು ಕೆಳಗಿನ ಗೆರೆಯನ್ನು 40 ಲಕ್ಷದಿಂದ ಶುರು ಮಾಡಿತು. ಅವರ ನಕ್ಷೆಯಲ್ಲಿ 1881ರ ಕಂಬ 1871ರ ಕಂಬದ ಐದನೇ ಒಂದು ಪಾಲೂ ಇರಲಿಲ್ಲ. ನೋಡಿದರೆ ಸಂಸ್ಥಾನವೇ ಖಾಲಿಯಾದ ಹಾಗೆ. ಇನ್ನೊಂದು ಗುಂಪು ಸೊನ್ನೆಯಿಂದ ಶುರು ಮಾಡಿತ್ತು. ಅದರಲ್ಲಿ ಆರು ಕಂಬಗಳೂ ಹೆಚ್ಚು ಕಡಿಮೆ ಒಂದೇ ಎತ್ತರ, ಬರ ಒಂದು ಸಣ್ಣ ತಗ್ಗು ಅಷ್ಟೇ.

ಗಣಿತದ ಮೇಷ್ಟ್ರು ಆ ದಿನ ನಮ್ಮ ತರಗತಿಗೆ ಬಂದಿದ್ದರು. ಕಂಬ ನಕ್ಷೆ ಸೊನ್ನೆಯಿಂದಲೇ ಶುರುವಾಗಬೇಕು ಎಂದು ಅವರ ತೀರ್ಪು. ಲೆಕ್ಕದ ಪ್ರಕಾರ ಅದು ಸರಿ. ಆದರೆ ಮೊದಲ ಗುಂಪಿನ ಹುಡುಗಿ ಹೇಳಿದ ಮಾತೂ ನನ್ನ ಮನಸ್ಸಿನಿಂದ ಹೋಗಿಲ್ಲ: "ಅದರಲ್ಲಿ ಎಂಟು ಲಕ್ಷ ಜನ ಕಾಣಿಸೋದೇ ಇಲ್ಲ ಸಾರ್." ಕೊನೆಗೆ ಎರಡೂ ನಕ್ಷೆ ಗೋಡೆಗೆ ಅಂಟಿಸಿದೆವು. ಪ್ರತಿಯೊಂದರ ಕೆಳಗೆ ಎಲ್ಲಿಂದ ಶುರು ಮಾಡಿದ್ದೇವೆ ಎಂದು ದಪ್ಪ ಅಕ್ಷರದಲ್ಲಿ ಬರೆಯಿಸಿದೆ.

ನಕ್ಷೆಯಿಂದ ನಾನು ಹೇಳದ ಪ್ರಶ್ನೆಗಳೂ ಹುಟ್ಟಿದವು. 1901ರಿಂದ 1911ಕ್ಕೆ ಏರಿದ್ದು ಬರೀ ಶೇ. 4.8, ಅಲ್ಲಿಂದ 1921ಕ್ಕೆ ಶೇ. 3ಕ್ಕಿಂತಲೂ ಕಡಿಮೆ. "ಇಲ್ಲೂ ಏನೋ ಆಗಿದೆ" ಎಂದರು. ಆಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಮುಂದಿನ ವರ್ಷಗಳಲ್ಲೂ ಬಿಡದೆ ಕಾಡಿತು. 1918ರಲ್ಲಿ ಇನ್‌ಫ್ಲುಯೆನ್ಜಾ ಬಂತು. ಪಠ್ಯದ ಇನ್ನೊಂದು ಪಾಠಕ್ಕೆ ಬಾಗಿಲು ಅಲ್ಲೇ ತೆರೆಯಿತು.

ಬರದ ಹಣದ ಲೆಕ್ಕವನ್ನೂ ಮಾಡಿಸಬೇಕೆಂದಿದ್ದೆ, ಸಮಯ ಸಾಲಲಿಲ್ಲ. ಬರ ಮುಗಿದಾಗ ಮೈಸೂರಿನ ಮೇಲೆ 80 ಲಕ್ಷ ರೂಪಾಯಿ ಸಾಲ ನಿಂತಿತ್ತು. 1799ರ ಒಪ್ಪಂದದಂತೆ ಮೈಸೂರು ಬ್ರಿಟಿಷರಿಗೆ ಕೊಡಬೇಕಾದ ಕಪ್ಪ ವರ್ಷಕ್ಕೆ 7 ಲಕ್ಷ ವರಹ. ವರಹಕ್ಕೆ ಮೂರೂವರೆ ರೂಪಾಯಿಯಂತೆ ಎಷ್ಟಾಯಿತು ಎಂದು ಮನೆಗೆಲಸ ಕೊಟ್ಟೆ. 24.5 ಲಕ್ಷ ಎಂದು ಹೆಚ್ಚಿನವರು ಸರಿಯಾಗಿಯೇ ಮಾಡಿಕೊಂಡು ಬಂದರು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಹಿಂತಿರುಗಿಸುವಾಗ ಅದನ್ನು 35 ಲಕ್ಷಕ್ಕೆ ಏರಿಸಿದರು, ಹೆಚ್ಚಳ ಮಾತ್ರ 1896ರವರೆಗೆ ಮುಂದಕ್ಕೆ ಹೋಯಿತು. ತಲೆಗೆ ಎಷ್ಟು ಆಣೆ ಬಿತ್ತು ಎಂಬ ಲೆಕ್ಕಕ್ಕೆ ಇನ್ನೊಂದು ಪೀರಿಯಡ್ ಬೇಕಿತ್ತು.

ಎಲ್ಲರಿಗೂ ಎಲ್ಲವೂ ಬಂತು ಎಂದು ಹೇಳಲಾರೆ. ಭಾಗಾಕಾರವೇ ಕಷ್ಟವಾದ ಕೆಲವರು ಪಕ್ಕದವರದ್ದು ನೋಡಿ ಬರೆದರು. ಅಂಥವರಿಗೆ ಮುಂದಿನ ಸಲ ಅಂಕಿಯನ್ನು 50 ಲಕ್ಷ, 42 ಲಕ್ಷ ಎಂದು ದುಂಡು ಮಾಡಿ ಕೊಡುತ್ತೇನೆ. ಅಂದಾಜಿನಲ್ಲಿ ಆರರಲ್ಲಿ ಒಂದು ಪಾಲು ಎಂದು ತಿಳಿದರೂ ಇತಿಹಾಸಕ್ಕೆ ಸಾಕು. ಗಣಿತದಲ್ಲಿ ಹಿಂದಿದ್ದ ಇಬ್ಬರು ಮಾತ್ರ ಗೆರೆ ಎಳೆದು ಒರೆಸುವ ಕ್ರಮವನ್ನು ಪಟ್ಟಾಗಿ ಹಿಡಿದುಕೊಂಡರು. ಈಗ ಯಾವ ಶೇಕಡಾ ಬಂದರೂ ಮೊದಲು ಗೆರೆ ಎಳೆಯುತ್ತಾರೆ. ಗಣಿತದ ಮೇಷ್ಟ್ರೇ ಬಂದು ನನಗೆ ಹೇಳಿದರು.

ಪಾಠ ಮುಗಿದ ವಾರ, ಧಾತು ಬರದ ಮಾತು ತಂದಿದ್ದ ಹುಡುಗಿ ಮತ್ತೆ ಬಂದಳು. ಅವರ ಊರಿನ ಪಕ್ಕದಲ್ಲಿ ಒಂದು ಬೇಚಿರಾಕ್ ಗ್ರಾಮ ಇದೆ. ಪಹಣಿಯಲ್ಲಿ ಹೆಸರಿದೆ, ಮನೆ ಒಂದೂ ಇಲ್ಲ. ಒಂದು ಹಾಳು ಬಾವಿ, ಒಂದು ಮಾರಮ್ಮನ ಕಲ್ಲು. "ಇದು ಧಾತು ಬರದಲ್ಲೇ ಖಾಲಿ ಆಗಿದ್ದಾ ಮಿಸ್?" ಎಂದು ಕೇಳಿದಳು. ಹಾಗೆಂದು ಹೇಳೋಕೆ ಆಗಲ್ಲ, ಪ್ಲೇಗಿಗೂ ಊರು ಬಿಟ್ಟವರಿದ್ದಾರೆ ಎಂದೆ. "ಹಾಗಾದ್ರೆ ಯಾವ ಗಣತಿವರೆಗೆ ಅಲ್ಲಿ ಜನ ಇದ್ರು ಅಂತ ಗೊತ್ತಾದ್ರೆ ಸಾಕಲ್ವಾ?" ಎಂದಳು.

ನೋಟ್‌ಬುಕ್ಕಿನಲ್ಲಿ ಊರಿನ ಹೆಸರು ಬರೆದು, ಪಕ್ಕದಲ್ಲಿ ನಾಲ್ಕು ಕಲಂ ಎಳೆದಿದ್ದಳು. 1871, 1881, 1891, 1901. ನಾಲ್ಕೂ ಖಾಲಿ. ಬರುವ ಶನಿವಾರ ಮಧ್ಯಾಹ್ನ ಅವಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕರೆದುಕೊಂಡು, ಹಳೇ ಗ್ರಾಮ ಪಟ್ಟಿ ಸಿಗುತ್ತದಾ ಎಂದು ಜಿಲ್ಲಾ ಗ್ರಂಥಾಲಯಕ್ಕೆ ಹೋಗುತ್ತಿದ್ದೇನೆ.